ತಂಗಿ ಹಾಕಿದ ಸ್ವಿಚ್ಚು

ಅಪ್ಪನ ಗ್ಯಾರೇಜನ್ನು ಅಣ್ಣ ಇಪ್ಪತ್ತು ವರ್ಷ ಒಬ್ಬನೇ ನಡೆಸಿದ್ದ. ತಂಗಿ ಕೈಜೋಡಿಸಿ ಎರಡೇ ವರ್ಷ. ಆದರೂ ಬಂದವರೆಲ್ಲ ಅವನೆದುರೇ "ನಿಮ್ಮ ತಂಗಿ ಇಲ್ವಾ?" ಎಂದು ಕೇಳುತ್ತಿದ್ದರು. ಅವನ ಹೊಟ್ಟೆ ಉರಿಯುತ್ತಿತ್ತು.

ಟೀಚರಮ್ಮನ ಹಳೇ ಆಟೋಮ್ಯಾಟಿಕ್ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಅಣ್ಣ ಬ್ಯಾಟರಿ, ಸ್ಟಾರ್ಟರ್ ಎಂದು ಎರಡು ದಿನ ಒದ್ದಾಡಿದ. ತಂಗಿ ಬಂದು ಗೇರನ್ನು ಪಾರ್ಕಿನಿಂದ ನ್ಯೂಟ್ರಲ್ಲಿಗೆ ತಂದು ಕೀಲಿ ತಿರುಗಿಸಿದಳು. ಕಾರು ಗುರ್ರೆಂದಿತು.

"ಅಣ್ಣಾ, ಗೇರ್ ಪಾರ್ಕಲ್ಲೋ ನ್ಯೂಟ್ರಲ್ಲಲ್ಲೋ ಇದ್ರೆ ಮಾತ್ರ ಸ್ಟಾರ್ಟ್ ಆಗೋಕೆ ಬಿಡೋ ಸ್ವಿಚ್ ಹೋಗಿದೆ ಅಷ್ಟೇ, ಪಾರ್ಕಲ್ಲಿದ್ರೂ ಅದಕ್ಕೆ ಗೊತ್ತಾಗ್ತಿಲ್ಲ. ಹೊಸದು ಹಾಕ್ಬಿಡ್ತೀನಿ."

"ಹಾಕಮ್ಮಾ, ಎಲ್ಲಾ ತಿಳಿದೋಳು ನೀನೇ ಅಲ್ವಾ."

ಹಾಕಿದವಳು ಊಟಕ್ಕೆ ಹೋದಳು. ಅಣ್ಣ ತಡೆಯಲಾರದೆ ಬ್ರೇಕ್ ತುಳಿದು, ಒಂದೊಂದೇ ಗೇರಿನಲ್ಲಿ ಕೀಲಿ ತಿರುಗಿಸಿ ನೋಡಿದ. ಸ್ಟಾರ್ಟ್ ಆಗಬಾರದ ರಿವರ್ಸಿನಲ್ಲೂ ಎಂಜಿನ್ ಸ್ಟಾರ್ಟ್ ಆಯಿತು! ಸ್ವಿಚ್ಚು ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಅವನಿಗೆ ಮೊದಲು ಆದದ್ದು ಖುಷಿ. ಟೀಚರಮ್ಮನ ಎದುರೇ ಇದನ್ನು ತೋರಿಸಿಬಿಟ್ಟರೆ? ಆದರೆ ಅವರು ಕಾರು ತೆಗೆಯುವಾಗ ಹಿಂದೆ ಯಾರಾದರೂ ನಿಂತಿದ್ದರೆ ಎಂಬ ಯೋಚನೆ ಬಂತು. ಕಾರಿನಡಿ ನುಸುಳಿ ಬೋಲ್ಟ್ ಸಡಿಲಿಸಿದ, ಸ್ವಿಚ್ಚನ್ನು ನೆಟ್ಟಗೆ ಕೂರಿಸಿ ಬಿಗಿದ.

ಸಂಜೆ ಟೀಚರಮ್ಮ ತಂಗಿಯ ಬೆನ್ನು ತಟ್ಟಿದರು. "ನಿನ್ನ ಕೈಯಲ್ಲಿ ಜಾದೂ ಇದೆ ಕಣಮ್ಮ."

ಅಣ್ಣ ಕಾರಿನ ಕೀಲಿಯನ್ನು ಟೀಚರಮ್ಮನ ಕೈಗಿಟ್ಟ. ಕಾರು ಹೋದ ಮೇಲೆ ತಂಗಿಯ ಮುಖ ನೋಡದೆ ಹೇಳಿದ: "ನಾಳೆ ಬೇಗ ಬಾ. ನೀನು ಸ್ವಿಚ್ ಓರೆ ಕೂರಿಸಿದ್ದೆ, ನಾನೇ ಸರಿಮಾಡ್ದೆ. ಹೇಗೆ ಕೂರಿಸ್ಬೇಕು ಅಂತ ತೋರಿಸ್ತೀನಿ."

ಹೊಟ್ಟೆಯುರಿ ಮಾತ್ರ ತಣಿದಿರಲಿಲ್ಲ.