ಸೆಕೆಂಡಿಗೆ ಐವತ್ತು: ಬೆರಳು ಮಸುಕಾಗದಂತೆ ಕಾಯುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಕಿವುಡ ಮಕ್ಕಳ ಶಾಲೆಯ ಊಟದ ಕೋಣೆಯಲ್ಲಿ ಬೆಂಚುಗಳೆಲ್ಲ ಗೋಡೆಗೆ ಸರಿದು ನಿಂತಿವೆ. ನಡುವೆ ಒಂದು ಟ್ರೈಪಾಡ್, ಅದರ ಮೇಲೆ ಅಂಗೈಯಗಲದ ಕ್ಯಾಮೆರಾ. ಎದುರು ಗೋಡೆಗೆ ಸುಕ್ಕಿಲ್ಲದ ಕಡುನೀಲಿ ಬಟ್ಟೆ. ಕ್ಯಾಮೆರಾ ಚಾಲೂ ಮಾಡಿದ ಹೆಂಗಸು ಬಟ್ಟೆಯ ಮುಂದೆ ಹೋಗಿ ನಿಂತು, ಬಲಗೈಯ ಐದು ಬೆರಳನ್ನೂ ಅಗಲಿಸಿ, ಮುಖದ ಮೇಲೆ ಕೂತ ನೊಣ ಓಡಿಸುವವರಂತೆ ಜೋರಾಗಿ ಬೀಸುತ್ತಾರೆ. ವಾಪಸು ಬಂದು, ಓಡುತ್ತಿರುವ ಚಿತ್ರವನ್ನು ಪುಟ್ಟ ಪರದೆಯಲ್ಲಿ ನಿಲ್ಲಿಸಿ, ಕನ್ನಡಕ ಏರಿಸಿ ಎಣಿಸುತ್ತಾರೆ.

"ಒಂದು, ಎರಡು, ಮೂರು, ನಾಲ್ಕು, ಐದು. ಐದೂ ಇವೆ. ಇನ್ನು ಮೇಷ್ಟ್ರು ಬರಬಹುದು."

ಒಂಬತ್ತು ವರ್ಷಗಳಿಂದ ಪ್ರತಿ ಚಿತ್ರೀಕರಣಕ್ಕೂ ಮುನ್ನ ಈ ಎಣಿಕೆ ನಡೆಯುತ್ತಿದೆ. ಬೆರಳು ಐದೇ ಇರುತ್ತವೆ ಎಂದು ಯಾರಿಗೆ ಗೊತ್ತಿಲ್ಲ ಎಂದು ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. "ಕೈಯಲ್ಲಿ ಐದಿರುತ್ತೆ ಸಾರ್. ವಿಡಿಯೋದಲ್ಲಿ ಇರುತ್ತೆ ಅಂತ ಏನು ಗ್ಯಾರಂಟಿ?"

ಶಾಲೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಐವತ್ತಕ್ಕ ಎಂದು. ವಯಸ್ಸು ನೋಡಿ ಇಟ್ಟ ಹೆಸರಲ್ಲ. "ನನಗಿನ್ನೂ ನಲವತ್ತೆಂಟು. ಎರಡು ವರ್ಷ ಮೊದಲೇ ಮುದುಕಿ ಮಾಡಿಬಿಟ್ರು" ಎಂದು ಅವರು ದೂರುತ್ತಾರೆ, ದೂರುವಾಗ ಮುಖದಲ್ಲಿ ಬೇಸರವೇನೂ ಕಾಣುವುದಿಲ್ಲ. ಐವತ್ತು ಎಂದರೆ ಸೆಕೆಂಡಿಗೆ ಐವತ್ತು ಫ್ರೇಮ್. ವಿಡಿಯೋ ಎಂದು ನಾವು ನೋಡುವುದು ಒಂದರ ಹಿಂದೆ ಒಂದು ಓಡುವ ಸ್ಥಿರ ಚಿತ್ರಗಳನ್ನು. ಒಂದು ಸೆಕೆಂಡಿನಲ್ಲಿ ಇಪ್ಪತ್ನಾಲ್ಕು ಚಿತ್ರ ತೆಗೆಯಬೇಕೋ, ಐವತ್ತೋ, ನೂರಿಪ್ಪತ್ತೋ ಎಂದು ಕ್ಯಾಮೆರಾ ಹಿಡಿದವರು ಮೊದಲೇ ತೀರ್ಮಾನಿಸಬೇಕು. ಹೆಚ್ಚಿನವರು ಕ್ಯಾಮೆರಾ ಅಂಗಡಿಯಿಂದ ಹೇಗೆ ಬಂತೋ ಹಾಗೇ ಬಿಟ್ಟುಬಿಡುತ್ತಾರೆ. ಈ ಅಕ್ಕನಿಗೆ ಆ ಅಂಕಿಯೇ ಕಸುಬು.

ಮೇಷ್ಟ್ರು ಬರುತ್ತಾರೆ. ಹುಟ್ಟಿದಾಗಿನಿಂದ ಕಿವಿ ಕೇಳದವರು, ಸನ್ನೆ ಭಾಷೆಯಲ್ಲಿ ಪಾಠ ಹೇಳುವವರು. ಬಟ್ಟೆಯ ಮುಂದೆ ನಿಂತು ಅಂಗಿಯ ತೋಳು ಸರಿಮಾಡಿಕೊಂಡು ಶುರು ಮಾಡಿದರೆ ಕೈ, ಹುಬ್ಬು, ಭುಜ ಎಲ್ಲವೂ ಮಾತಾಡುತ್ತವೆ. ನನ್ನ ಕಣ್ಣಿಗೆ ಅವರ ಬೆರಳುಗಳು ಎಲ್ಲಿ ಹೋಗಿ ಎಲ್ಲಿ ಬಂದವು ಎಂಬುದೂ ಗೊತ್ತಾಗುವುದಿಲ್ಲ. ಹೊರಗೆ ಹಾಲಿನ ಗಾಡಿ ಹಾರ್ನ್ ಹೊಡೆಯುತ್ತದೆ, ಮಹಡಿಯ ಮೇಲೆ ಯಾರೋ ಮಂಚ ಎಳೆಯುತ್ತಾರೆ. ಚಿತ್ರೀಕರಣ ನಿಲ್ಲುವುದಿಲ್ಲ. "ಗಲಾಟೆ ಆದ್ರೆ ಕಟ್ ಅನ್ನದೆ ಇರೋ ಶೂಟಿಂಗ್ ಇದೊಂದೇ" ಎನ್ನುತ್ತಾರೆ ಐವತ್ತಕ್ಕ. ಎಂಟು ಗಂಟೆಗೆ ಮಕ್ಕಳು ತಿಂಡಿಗೆ ಬರುತ್ತಾರೆ, ಅಷ್ಟರಲ್ಲಿ ಬೆಂಚುಗಳು ಸ್ವಸ್ಥಾನಕ್ಕೆ ಮರಳಬೇಕು. ಅದಕ್ಕೇ ಈ ಮುಂಜಾವಿನ ಅವಸರ. ಬಸ್ಸು ಓಡಿಸುವ ಗಂಡ ನಸುಕಿನಲ್ಲೇ ಡಿಪೋಗೆ ಹೊರಡುವಾಗ ಇವರನ್ನು ಇಲ್ಲಿ ಇಳಿಸಿ ಹೋಗುತ್ತಾರೆ.

ವಾರಕ್ಕೆ ನಾಲ್ಕು ಬೆಳಗು, ಬೆಳಗಿಗೆ ಎರಡು ಪಾಠ, ಪಾಠಕ್ಕೆ ಹನ್ನೆರಡು ನಿಮಿಷ. ಒಂದು ಪಾಠಕ್ಕೆ ಮೂವತ್ತಾರು ಸಾವಿರ ಚಿತ್ರ. ಇಲ್ಲಿಯವರೆಗೆ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಪಾಠ. ಇವನ್ನು ಇಂಥದ್ದೇ ಹದಿನಾಲ್ಕು ಶಾಲೆಗಳ ಮಕ್ಕಳು ನೋಡುತ್ತಾರೆ. ಯಾವ ಪಾಠದಲ್ಲೂ ಇವರ ಹೆಸರಿಲ್ಲ, ಇರಬೇಕೆಂದು ಇವರು ಕೇಳಿಯೂ ಇಲ್ಲ.

ಇಲ್ಲಿಗೆ ಬರುವ ಮೊದಲು ಹದಿನಾಲ್ಕು ವರ್ಷ ಅಣ್ಣನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ತೆಗೆದರು. ಕ್ಯಾಮೆರಾ ಹೊತ್ತು ಎಡಭುಜ ಇಂದಿಗೂ ಮೇಲೇಳುವುದಿಲ್ಲ, ಎತ್ತರದ ಕಪಾಟಿನ ಸಾಮಾನು ಮಗಳೇ ತೆಗೆದುಕೊಡಬೇಕು. ಮದುವೆ ಮನೆಯವರಿಗೆ ಬೇಕಾದದ್ದು ಸಿನಿಮಾದಂತೆ ಕಾಣುವ ವಿಡಿಯೋ. ಅದಕ್ಕೆ ಸೆಕೆಂಡಿಗೆ ಇಪ್ಪತ್ನಾಲ್ಕು ಸಾಕು. ಓಡಾಟ ಕೊಂಚ ಮೆತ್ತಗಾಗಿ, ಕೈ ಬೀಸಿದರೆ ತುಸು ಮಸುಕಾಗಿ, ನೋಡಲು ಹಿತವಾಗಿರುತ್ತದೆ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನು ಬಂದ ಮೇಲೆ ಅಣ್ಣ ಸ್ಟುಡಿಯೋದ ಬಾಗಿಲು ಹಾಕಿದರು. ಅದೇ ಹೊತ್ತಿಗೆ ಶಾಲೆಯವರು ಪಾಠ ಚಿತ್ರೀಕರಿಸುವವರನ್ನು ಹುಡುಕುತ್ತಿದ್ದರು. ಕ್ಯಾಮೆರಾ ತಂಗಿಯ ಪಾಲಿಗೆ ಬಂತು, ಅದರ ಜೊತೆ ಇಪ್ಪತ್ನಾಲ್ಕೂ ಬಂತು.

ಮೊದಲ ವರ್ಷ ನಲವತ್ತು ಪಾಠ ತೆಗೆದರು. ಬಹಳ ಚೆಂದ ಬಂದಿವೆ ಎಂದು ನೋಡಿದವರೆಲ್ಲ ಹೊಗಳಿದರು. ಹೊಗಳಿದವರೆಲ್ಲರಿಗೂ ಕಿವಿ ಕೇಳುತ್ತಿತ್ತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಅದಾಗಿ ಒಂದು ತಿಂಗಳಿಗೆ ಗಣಿತದ ಪರೀಕ್ಷೆ ಬಂತು. ಹತ್ತೊಂಬತ್ತು ಮಕ್ಕಳ ತರಗತಿಯಲ್ಲಿ ಹನ್ನೊಂದು ಮಕ್ಕಳು ಒಂದೇ ಬಗೆಯ ತಪ್ಪು ಉತ್ತರ ಬರೆದರು. ಕಾಪಿ ಹೊಡೆದಿದ್ದಾರೆಂದು ಟೀಚರ್ ತೀರ್ಮಾನಿಸಿ, ಒಂದು ವಾರ ಆಟ ಬಂದ್ ಮಾಡಿಸಿದರು.

"ನಾನು ಆವತ್ತು ಬ್ಯಾಟರಿ ತಗೊಂಡು ಹೋಗೋಕೆ ಬಂದಿದ್ದೆ. ಆಟದ ಹೊತ್ತಲ್ಲಿ ಮಕ್ಕಳು ಬೆಂಚ್ ಮೇಲೆ ಸಾಲಾಗಿ ಕೂತಿದ್ವು. ಒಂದು ಹುಡುಗಿ ಎದ್ದು ಬಂದು ನನ್ನ ಕೈ ಹಿಡ್ಕೊಂಡು ದರದರ ಎಳ್ಕೊಂಡೇ ಹೋದ್ಲು. ಕಂಪ್ಯೂಟರಲ್ಲಿ ನನ್ನ ಪಾಠ ಹಾಕಿ, ನಿಲ್ಲಿಸಿ, ಮೇಷ್ಟ್ರ ಕೈ ಮೇಲೆ ಬೆರಳಿಟ್ಟು ನನ್ನ ಮುಖಾನೇ ನೋಡಿದ್ಲು. ಅಲ್ಲಿ ಕೈಯೇ ಇರಲಿಲ್ಲ ಸಾರ್. ಒಂದು ಮುದ್ದೆ ಮಂಜು."

ಇಲ್ಲಿ ಬಳಸುವ ಸನ್ನೆಯಲ್ಲಿ ಆರು, ಏಳು, ಎಂಟಕ್ಕೆ ಇರುವ ವ್ಯತ್ಯಾಸ ಇಷ್ಟೇ: ಹೆಬ್ಬೆರಳು ಯಾವ ಬೆರಳಿಗೆ ತಾಗಿದೆ ಎಂಬುದು. ಮೇಷ್ಟ್ರು ಮಾತಿನ ವೇಗದಲ್ಲಿ ಅಂಕಿ ಹೇಳಿದರೆ ಆ ತಾಗುವಿಕೆ ಕಣ್ಣು ಮಿಟುಕಿಸುವಷ್ಟೂ ಇರುವುದಿಲ್ಲ. ಇಪ್ಪತ್ನಾಲ್ಕರಲ್ಲಿ ಅದು ಕರಗಿಹೋಗಿತ್ತು. ಮಕ್ಕಳು ಆ ಮಂಜಿನ ಮುದ್ದೆ ಏನಿರಬಹುದೆಂದು ತಮ್ಮತಮ್ಮಲ್ಲೇ ಚರ್ಚಿಸಿ ಏಳನ್ನು ಎಂಟೆಂದು ಒಪ್ಪಿಕೊಂಡಿದ್ದವು, ಎಂಟೆಂದೇ ಕಲಿತಿದ್ದವು.

ಐವತ್ತಕ್ಕ ಅಲ್ಲಿಂದ ನೆಟ್ಟಗೆ ಗಣಿತದ ಟೀಚರ್ ಬಳಿ ಹೋದರು. "ಮಕ್ಕಳು ಕಾಪಿ ಹೊಡೆದಿಲ್ಲ, ತಪ್ಪು ನಂದು ಅಂದೆ. ಮಕ್ಕಳ ಮುಂದೆ ನಿಂತು ಕ್ಷಮೆ ಕೇಳಿದೆ. ಸನ್ನೆ ಆಗಿನ್ನೂ ಸರಿಯಾಗಿ ಬರ್ತಿರಲಿಲ್ಲ. ಕ್ಷಮಿಸಿ ಅನ್ನೋಕೆ ಹೋಗಿ ಏನು ಹೇಳಿದ್ನೋ, ಎಲ್ಲಾ ಬಿದ್ದು ಬಿದ್ದು ನಕ್ವು." ನಗಿಸುತ್ತಲೇ ಹೇಳುತ್ತಾರೆ. ಶಿಕ್ಷೆ ಅಂದೇ ರದ್ದಾಯಿತು, ಆದರೆ ಅಷ್ಟರಲ್ಲಿ ಆಡದೆ ಕಳೆದಿದ್ದ ನಾಲ್ಕು ದಿನ ಮಕ್ಕಳಿಗೆ ವಾಪಸು ಕೊಡಲು ಆಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಹೆಚ್ಚು ಫ್ರೇಮ್ ಹಾಕಿದರೆ ಆಯಿತಲ್ಲ ಎಂದುಕೊಂಡು ಅರವತ್ತಕ್ಕೆ ಏರಿಸಿದರು. ಬೆರಳು ಸ್ಪಷ್ಟವಾದವು, ಆದರೆ ಪರದೆಯ ಮೇಲೆಲ್ಲ ಬೆಳಕಿನ ಪಟ್ಟಿಗಳು ಕುಣಿಯತೊಡಗಿದವು. ಇಲ್ಲಿನ ಕರೆಂಟಿಗೆ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಅರವತ್ತು ಅದಕ್ಕೆ ಹೊಂದುವುದಿಲ್ಲ, ಐವತ್ತು ಹೊಂದುತ್ತದೆ. ನೂರಿಪ್ಪತ್ತನ್ನೂ ನೋಡಿದರು. ಅದಕ್ಕೆ ಬೆಳಕು ಸಾಲದು, ಮಕ್ಕಳು ಪಾಠ ನೋಡುವ ಹಳೇ ಫೋನುಗಳು ಅದನ್ನು ಓಡಿಸಲಾರದೆ ತೊದಲುತ್ತವೆ. ಮೂರು ವಾರ ಬಾಗಿಲು ಹಾಕಿಕೊಂಡು ಕೈ ಬೀಸಿ, ಎಣಿಸಿ, ಕೊನೆಗೆ ಐವತ್ತಕ್ಕೆ ನಿಂತರು. ಪ್ರತಿ ಚಿತ್ರಕ್ಕೂ ಸೆಕೆಂಡಿನ ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಬೆಳಕನ್ನು ಒಳಬಿಡುವ ಶಟರ್ ತೆರೆಯುವುದು. ಬೇರೆ ಯಾವುದೇ ಕೆಲಸಕ್ಕೆ ಬೇರೆ ಅಂಕಿ ಸರಿಯಿರಬಹುದು ಎಂದು ಅವರು ಒಪ್ಪುತ್ತಾರೆ. "ಮದುವೆಗೆ ಈಗ್ಲೂ ಇಪ್ಪತ್ನಾಲ್ಕೇ ಚೆನ್ನ. ಯಾರು ನೋಡ್ತಾರೆ, ಏನು ನೋಡೋಕೆ ನೋಡ್ತಾರೆ ಅಂತ ಮೊದಲು ಕೇಳ್ಕೋಬೇಕು. ಆಮೇಲೆ ಕ್ಯಾಮೆರಾ ಮುಟ್ಟಬೇಕು."

ನಾನು ಹೋದ ದಿನವೇ ಆ ಐವತ್ತಿಗೆ ಕುತ್ತು ಬಂದಿತ್ತು. ಪಾಠಗಳನ್ನು ಎಲ್ಲ ಶಾಲೆಗಳಿಗೆ ತಲುಪಿಸುವ ಕಚೇರಿಯ ಅಧಿಕಾರಿ ಬಂದಿದ್ದರು. ದೂರದ ಶಾಲೆಗಳಲ್ಲಿ ಒಂದು ಪಾಠ ಇಳಿಸಿಕೊಳ್ಳಲು ಅರ್ಧ ದಿನ ಹಿಡಿಯುತ್ತಿದೆ, ಫ್ರೇಮ್ ಅರ್ಧ ಮಾಡಿದರೆ ವಿಡಿಯೋದ ಭಾರ ಇಳಿಯುತ್ತದೆ ಎಂಬುದು ಅವರ ವಾದ. ಅದರಲ್ಲಿ ಸುಳ್ಳೇನೂ ಇಲ್ಲ. ಐವತ್ತಕ್ಕ ಎರಡು ಕ್ಯಾಮೆರಾ ಅಕ್ಕಪಕ್ಕ ಇಟ್ಟು ಒಂದೇ ಪಾಠವನ್ನು ಐವತ್ತರಲ್ಲೂ ಇಪ್ಪತ್ತೈದರಲ್ಲೂ ತೆಗೆದು ತೋರಿಸಿದರು.

"ನನಗಂತೂ ಎರಡೂ ಒಂದೇ ಥರ ಕಾಣುತ್ತಲ್ಲಮ್ಮ" ಎಂದರು ಅಧಿಕಾರಿ.

"ನಿಮಗೆ ಕಿವಿ ಇದೆ ಸಾರ್, ಅದಕ್ಕೆ. ಕಣ್ಣಿಗೆ ಅಷ್ಟು ಕೆಲಸ ಇಲ್ಲ."

"ಹಾಗಾದ್ರೆ ಮೇಷ್ಟ್ರಿಗೆ ನಿಧಾನವಾಗಿ ಮಾಡೋಕೆ ಹೇಳಿ."

ಐವತ್ತಕ್ಕ ಅದನ್ನು ಸನ್ನೆಯಲ್ಲಿ ಮೇಷ್ಟ್ರಿಗೆ ದಾಟಿಸಿದರು. ಮೇಷ್ಟ್ರು ಹುಬ್ಬು ಗಂಟಿಕ್ಕಿ ಎರಡೇ ಸನ್ನೆಯಲ್ಲಿ ಉತ್ತರ ಮುಗಿಸಿದರು. ಐವತ್ತಕ್ಕ ಅದನ್ನು ಕೊಂಚ ಮೆದು ಮಾಡಿ ಹೇಳಿದರು: "ನಿಮ್ಮ ಹತ್ರ ಯಾರಾದ್ರೂ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಮಾತಾಡಿದ್ರೆ ಹನ್ನೆರಡು ನಿಮಿಷ ಕೇಳ್ತೀರಾ ಅಂತ ಕೇಳ್ತಿದಾರೆ."

ಮಾತಿನಲ್ಲಿ ಮುಗಿಯುವಂತೆ ಕಾಣಲಿಲ್ಲ. ಕೊನೆಗೆ ಮಕ್ಕಳೇ ತೀರ್ಮಾನಿಸಲಿ ಎಂದಾಯಿತು. ಹದಿನೆಂಟು ಮಕ್ಕಳನ್ನು ಎರಡು ಕೋಣೆಯಲ್ಲಿ ಒಂಬತ್ತೊಂಬತ್ತಾಗಿ ಕೂರಿಸಿದರು. ಮೇಷ್ಟ್ರು ಮಾತಿನ ವೇಗದಲ್ಲೇ ಹತ್ತು ಲೆಕ್ಕ ಹೇಳಿದ ಪಾಠ ಒಂದು ಕೋಣೆಯಲ್ಲಿ ಇಪ್ಪತ್ತೈದರಲ್ಲಿ ಓಡಿತು, ಇನ್ನೊಂದರಲ್ಲಿ ಐವತ್ತರಲ್ಲಿ. ಲೆಕ್ಕವನ್ನೂ ಬರೆಯಬೇಕು, ಉತ್ತರವನ್ನೂ ಬರೆಯಬೇಕು. ಸೋತರೆ ಇನ್ನು ಮುಂದಿನ ಎಲ್ಲ ಪಾಠವೂ ಇಪ್ಪತ್ತೈದು. ಐವತ್ತಕ್ಕ ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದರು. ಭಯವೇ ಎಂದೆ. "ಬೆರಳಿನ ವಿಷ್ಯದಲ್ಲಿ ನನಗೆ ಭಯ ಇಲ್ಲ. ಕೂತ್ರೆ ಭುಜ ನೋಯುತ್ತೆ, ಅದಕ್ಕೆ" ಎಂದರು. ನಂಬಲು ನನಗೇನೂ ಅಡ್ಡಿಯಿರಲಿಲ್ಲ.

ಇಪ್ಪತ್ತೈದರ ಕೋಣೆಯ ಹಾಳೆಗಳು ಮೊದಲು ಬಂದವು. ಒಂಬತ್ತರಲ್ಲಿ ಐದು ಮಕ್ಕಳು ಎಲ್ಲಾದರೊಂದು ಕಡೆ ಅಂಕಿಯನ್ನೇ ತಪ್ಪು ಬರೆದುಕೊಂಡಿದ್ದರು. ಅಧಿಕಾರಿ ಎರಡನೇ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ತಿರುವುತ್ತಾ ಹೋಗಿ, ಎಂಟನೆಯದರಲ್ಲಿ ನಿಂತರು.

"ಇಲ್ಲೂ ಒಂದು ತಪ್ಪಿದೆಯಲ್ಲಮ್ಮ."

ಐವತ್ತಕ್ಕ ಹಾಳೆಯನ್ನು ಹೆಚ್ಚುಕಡಿಮೆ ಕಿತ್ತುಕೊಂಡೇ ನೋಡಿದರು. ನಲವತ್ತೇಳು ಕೂಡಿಸು ಮೂವತ್ತೆಂಟು. ಅಂಕಿಗಳು ಮೇಷ್ಟ್ರು ಹೇಳಿದಂತೆಯೇ ಇದ್ದವು. ಉತ್ತರದ ಜಾಗದಲ್ಲಿ ಎಪ್ಪತ್ತೈದು ಎಂದಿತ್ತು. ಅವರು ಇನ್ನೊಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ನಗತೊಡಗಿದರು.

"ಏಳೂ ಕಂಡಿದೆ, ಎಂಟೂ ಕಂಡಿದೆ ಸಾರ್. ದಶಕ ಸೇರಿಸೋದು ಮರೆತಿದಾಳೆ, ಕಳ್ಳಿ!"

ಅಧಿಕಾರಿಯೂ ನಕ್ಕರು. ಭಾರದ ಚಿಂತೆ ಹಾಗೇ ಉಳಿದಿತ್ತು. ಅದಕ್ಕೂ ಐವತ್ತಕ್ಕನ ಬಳಿ ಉತ್ತರ ಸಿದ್ಧವಿತ್ತು: ಫ್ರೇಮ್ ಮುಟ್ಟಬೇಡಿ, ಚಿತ್ರದ ಅಳತೆ ಇಳಿಸಿ, ಮಕ್ಕಳು ಹೇಗೂ ಫೋನಿನಲ್ಲಿ ನೋಡುವುದು, ಚಿಕ್ಕದಾದರೂ ಬೆರಳು ಬೆರಳಾಗಿಯೇ ಇರುತ್ತದೆ. ಅಧಿಕಾರಿ ಅಲ್ಲೇ ಕಡತದಲ್ಲಿ ಹಾಗೆಂದು ಬರೆದು ಸಹಿ ಹಾಕಿದರು.

ಎಲ್ಲರೂ ಹೋದ ಮೇಲೆ, ಕ್ಯಾಮೆರಾ ಚೀಲಕ್ಕೆ ಸೇರಿಸುತ್ತಿದ್ದ ಅವರನ್ನು ನಾನು ಕೇಳಿದೆ: ಇಷ್ಟು ವರ್ಷವಾಯಿತು, ಇನ್ನೇನು ಆಸೆ? ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ.

"ಮಕ್ಕಳು ತಪ್ಪು ಮಾಡ್ಲಿ ಸಾರ್, ಎಷ್ಟು ಬೇಕಾದ್ರೂ ಮಾಡ್ಲಿ. ಅದು ಅವರದೇ ತಪ್ಪಾಗಿರ್ಬೇಕು ಅಷ್ಟೆ. ನಂದನ್ನ ಅವರ ತಲೆಗೆ ಕಟ್ಟಬಾರದು."