ತುರ್ತಿಲ್ಲದ ದೂರು

ಅಕ್ಕನಿಗೆ ಕಣ್ಣು ಕಾಣುವುದು ನಿಂತ ಮೇಲೆ, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಉಚಿತ ತಂತ್ರಾಂಶವನ್ನು ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದೆ. ಅದು ಯಾವ ಕಂಪನಿಯದೂ ಅಲ್ಲ. ಎಲ್ಲೆಲ್ಲಿಯವರೋ ಬಿಡುವಿನಲ್ಲಿ ಸೇರಿ ಮಾಡಿದ್ದು. ಜಯನಗರದ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಅವಳು, ಮೇಲೆ ನಾವು. ಬೆಳಿಗ್ಗೆ ಅದು ಪೇಪರ್ ಓದುವ ಸದ್ದು ಮಹಡಿಗೂ ಕೇಳುತ್ತಿತ್ತು.

ಹೋದ ವರ್ಷ ಒಂದು ಅಪ್‌ಡೇಟ್ ಬಂತು. ಅಂದಿನಿಂದ ಅದು ಕನ್ನಡದ ಎರಡು ಸಾಲು ಓದಿ ಬಾಯಿ ಮುಚ್ಚಿಕೊಳ್ಳುತ್ತದೆ. ಇಂಗ್ಲಿಷ್ ಮಾತ್ರ ನಿರರ್ಗಳ. ಸಾರಕ್ಕಿ ಸಿಗ್ನಲ್ ಹತ್ತಿರದ ಕಂಪ್ಯೂಟರ್ ರಿಪೇರಿಯವನು ಹಳೆಯದನ್ನೇ ಮತ್ತೆ ಹಾಕಲು ನೋಡಿ, "ಆಗಲ್ಲ ಅಂಕಲ್, ಅವರೇ ಸರಿ ಮಾಡ್ಬೇಕು" ಎಂದು ಕೈಚೆಲ್ಲಿದ. ಅವರ ವೆಬ್‌ಸೈಟಿನಲ್ಲಿ ದೂರು ಬರೆದೆ. ಮೂರು ತಿಂಗಳಿಗೊಮ್ಮೆ ಯಾರೋ ಬಂದು 'ಹೊಸ ಆವೃತ್ತಿಯಲ್ಲೂ ಹೀಗೇ ಆಗುತ್ತಿದೆಯೇ?' ಎನ್ನುವುದು, ನಾನು ಹೌದು ಎನ್ನುವುದು, ಮತ್ತೆ ಮೌನ. ಬಿಟ್ಟಿಯಾಗಿ ಕೊಟ್ಟವರನ್ನು ಬೈಯುವಂತಿಲ್ಲ. ಬೈಯದೆ ಇರಲೂ ಆಗುತ್ತಿರಲಿಲ್ಲ. ದಿನಾ ಆ ಪುಟ ತೆಗೆದು ನೋಡಿ ನೋಡಿ ಸಾಕಾಗಿಹೋಗಿತ್ತು.

ಮೊನ್ನೆ ನನ್ನ ದೂರಿನ ಪಕ್ಕದಲ್ಲಿ ಸಣ್ಣದೊಂದು ಗುರುತು ಕಂಡಿತು: 'ತುರ್ತಿಲ್ಲ.' ಯಾರಪ್ಪ ಇದನ್ನು ಹಾಕಿದವರು ಎಂದು ರೇಗಿ ಮೊದಲಿಂದ ಓದುತ್ತಾ ಬಂದರೆ, ಸಿಕ್ಕಿದ್ದು ನನ್ನದೇ ಪತ್ರ. ಎಲ್ಲ ವಿವರಿಸಿ, ಕೊನೆಗೆ ನಮ್ಮ ಮನೆಯ ರೂಢಿಯಂತೆ, 'ಅವಸರವೇನಿಲ್ಲ, ಬಿಡುವಾದಾಗ ನೋಡಿ' ಎಂದು ಸೇರಿಸಿದ್ದೆ. ನಲ್ಲಿ ಸೋರಿದರೆ ಪ್ಲಂಬರನಿಗೂ ಹೀಗೇ ಹೇಳುವವರು ನಾವು. ನಾಳೆಯೇ ಬರಬೇಕೆಂದು ಅವನಿಗೆ ಅರ್ಥವಾಗುತ್ತದೆ. ಇವರು ಪಾಪ, ಬರೆದದ್ದನ್ನು ಬರೆದಂತೆಯೇ ನಂಬಿದ್ದರು.

ನಾಚಿಕೆಯಿಂದ ಕೆಳಗಿಳಿದು ಹೋಗಿ ಅಕ್ಕನಿಗೆ ಹೇಳಿದೆ. ನಕ್ಕುಬಿಡುತ್ತಾಳೆ ಎಂದುಕೊಂಡಿದ್ದೆ. ಯಾರ ಮನೆಯಲ್ಲಾದರೂ ಕಾಫಿ ಕೊಟ್ಟರೆ ಮೂರು ಸಲ ಬೇಡವೆನ್ನುವ ಹೆಂಗಸು ಅವಳು. ಇಷ್ಟು ದಿನದಲ್ಲಿ ಒಮ್ಮೆಯೂ ಆ ದೂರು ಏನಾಯಿತು ಎಂದು ಕೇಳಿರಲಿಲ್ಲ. ನಾನೇ ಓದಿ ಹೇಳುತ್ತೇನೆಂದರೆ, "ಪೇಪರಲ್ಲಿ ಏನಿರತ್ತೆ, ಬಿಡೋ" ಎಂದಿದ್ದಳು. ನಾನೂ ನಂಬಿದ್ದೆ.

ಅವಳು ನಗಲಿಲ್ಲ.

"ಇವತ್ತೇ ಬರಿಯೋ, ಬೇಗ ಮಾಡಿ ಅಂತ," ಎಂದಳು. "ಬಲಗಿವಿ ಆಗ್ಲೇ ಹೋಯ್ತು. ಎಡಗಿವೀನೂ ಮಂದ ಆಗ್ತಾ ಇದೆ."