ಇಪ್ಪತ್ತೆರಡು ಹೆಜ್ಜೆಯ ಬಯಲು

ಭೂಕಂಪವಾಗಿ ಹದಿನೈದನೆಯ ವರ್ಷ. ನಮ್ಮ ಕಡೆ ಇವತ್ತಿಗೂ ವರ್ಷ ಹೇಳುವುದು ಹೀಗೆಯೇ. ಯಾರದೋ ಮದುವೆ ಭೂಕಂಪಕ್ಕಿಂತ ಮೊದಲು, ಯಾರದೋ ಮಗು ಭೂಕಂಪವಾಗಿ ಮೂರನೆಯ ವರ್ಷಕ್ಕೆ. ನಾನು ಬರೆಯುತ್ತಿರುವ ಸಂಗತಿ ನಡೆದದ್ದು ಆ ವರ್ಷದ ಅಕ್ಷಯ ತದಿಗೆಗೆ ನಾಲ್ಕು ದಿನ ಮೊದಲು, ಹಗಲು ಮೂರು ಗಂಟೆಗೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಅರ್ಧ ಉರಿ ಮೋಸ ಮಾಡಿದವನ ಮೇಲೆ, ಅರ್ಧ ನನ್ನ ಮೇಲೆಯೇ.

ನನ್ನ ತವರು ಬಸವಕಲ್ಯಾಣದ ಹತ್ತಿರದ ಹಳ್ಳಿ. ಕನ್ನಡ ಶಾಲೆಯಲ್ಲಿ ಹತ್ತನೆಯ ತನಕ ಓದಿದ್ದೇನೆ. ಮದುವೆಯಾಗಿ ಬಂದದ್ದು ಗಡಿಯಾಚೆಯ ಮರಾಠಿ ಊರು ನಿಲಂಗಾಕ್ಕೆ. ಊರಿನ ಹೊರಗೆ, ಉದಗೀರದ ರಸ್ತೆಗೆ ಹತ್ತಿಕೊಂಡು ಒಂದು ಹೊಸ ಕಾಲೋನಿ ಇದೆ. ಅಲ್ಲಿ ನಮ್ಮದು ಎರಡು ಕೋಣೆ, ಒಂದು ಪಡಸಾಲೆಯ ಮನೆ. ನಮ್ಮವರು ಬಸ್ ಕಂಡಕ್ಟರು. ಮನೆಯಲ್ಲಿ ಅತ್ತೆ ಶಾಂತವ್ವ, ನಾವಿಬ್ಬರು, ಆಗ ಆರು ವರ್ಷದವಳಾಗಿದ್ದ ಮಗಳು ಗೌರಿ.

ಅತ್ತೆ ಸಾಸ್ತೂರದ ಕಡೆಯವರು. ಭೂಕಂಪದ ಆ ಬೆಳಗಿನ ಜಾವ ಕಲ್ಲುಮಣ್ಣಿನ ಗೋಡೆಯಡಿ ನನ್ನ ಮಾವನೂ ಹನ್ನೊಂದು ವರ್ಷದ ನಾದಿನಿಯೂ ಹೋದರು. ನಮ್ಮವರು ಹಾಸ್ಟೆಲಿನಲ್ಲಿದ್ದರು, ಉಳಿದರು. ಅತ್ತೆಯನ್ನು ಬಾಗಿಲ ಚೌಕಟ್ಟು ಉಳಿಸಿತು. ಅದರ ಬಗ್ಗೆ ಅವರು ಮಾತಾಡುತ್ತಿರಲಿಲ್ಲ. ಆದರೆ ನಮ್ಮ ಪಡಸಾಲೆಯ ಟ್ರಂಕಿನ ಮೇಲೆ ಸದಾ ಎರಡು ಸ್ಟೀಲ್ ಲೋಟ ಇರುತ್ತಿದ್ದವು. ಒಂದು ಬೋರಲು, ಅದರ ಬುಡದ ಮೇಲೆ ಇನ್ನೊಂದು ನೆಟ್ಟಗೆ. ಭೂಮಿ ಇಷ್ಟೇ ಇಷ್ಟು ಅಲುಗಿದರೂ ಮೇಲಿನದು ಬಿದ್ದು ಠಣ್ ಎನ್ನಬೇಕು. ಭೂಕಂಪ ಕಂಡ ಮನೆಗಳಲ್ಲಿ ಎಷ್ಟೋ ಕಡೆ ಇದನ್ನು ನೋಡಿದ್ದೇನೆ. ತಿಳಿಯದ ನೆಂಟರು ಆ ಲೋಟಕ್ಕೆ ಕೈ ಹಾಕಿ ಬೈಸಿಕೊಂಡದ್ದುಂಟು. ಬೆಕ್ಕು ಬೀಳಿಸಿದಾಗ ನಾವು ಮನೆಮಂದಿಯೆಲ್ಲ ಬಯಲಿಗೆ ಓಡಿ, ಆಮೇಲೆ ಬೆಕ್ಕಿಗೆ ಬೈಯುತ್ತ ವಾಪಸು ಬಂದದ್ದೂ ಉಂಟು.

ಆ ಬಯಲಿಗಾಗಿಯೇ ಅತ್ತೆ ಈ ಜಾಗ ಹಿಡಿದದ್ದು. ಪ್ಲಾಟು ಮಾರುವವರು ನಕ್ಷೆ ಬಿಚ್ಚಿ ತೋರಿಸಿದಾಗ ಉಳಿದವರು ನೀರು ಕೇಳಿದರಂತೆ, ರಸ್ತೆ ಕೇಳಿದರಂತೆ. ಅತ್ತೆ ಕೇಳಿದ್ದು ಒಂದೇ: "ಬಯಲ ಎಲ್ಲಿ ಬಿಟ್ಟೀರಿ?" ಕಾಲೋನಿಯ ನಡುವೆ ಎಲ್ಲರಿಗೂ ಸೇರಿದ ಒಂದು ತೆರವು ಜಾಗವಿತ್ತು. ಅದರ ಎದುರಿನ ಪ್ಲಾಟಿನಲ್ಲಿ ನಿಂತು, ಬಾಗಿಲು ಬರುವ ಕಡೆಯಿಂದ ಅಲ್ಲಿಯವರೆಗೆ ನಡೆದು ಎಣಿಸಿದರಂತೆ. "ಇಪ್ಪತ್ತೆರಡು ಹೆಜ್ಜಿ. ಕೂಸಿಗಿ ಎತ್ಕೊಂಡು ಓಡಿದ್ರೂ ಮುಟ್ತೀನಿ. ಇದೇ ಇರ್ಲಿ." ಬಸ್ ಸ್ಟ್ಯಾಂಡಿನ ಹತ್ತಿರ ಒಳ್ಳೆಯ ಜಾಗ ಸಿಗುತ್ತಿತ್ತು. ಅತ್ತೆ ಒಪ್ಪಲಿಲ್ಲ.

ಬಯಲಿನಲ್ಲಿ ಒಂದು ಬೇವಿನ ಮರ ಬಿಟ್ಟರೆ ಏನೂ ಇರಲಿಲ್ಲ. ಏನೂ ಇಲ್ಲದ್ದೇ ಅದರ ಸುಖ. ಬೇಸಿಗೆಯಲ್ಲಿ ಅಲ್ಲಿ ನಮ್ಮ ಶಾವಿಗೆ, ಹಪ್ಪಳ, ಸಂಡಿಗೆ ಒಣಗುತ್ತಿದ್ದವು. ಹುಡುಗರು ಚೆಂಡಾಡಿ ಸಂಡಿಗೆ ತುಳಿದು ಬೈಸಿಕೊಳ್ಳುತ್ತಿದ್ದರು. ಸಂಜೆ ಹೆಂಗಸರೆಲ್ಲ ಅಲ್ಲಿ ಕೂತು ಮರಾಠಿ, ಕನ್ನಡ, ಉರ್ದು ಕಲಸಿ ಹರಟುತ್ತಿದ್ದೆವು. ನನಗೆ ಮರಾಠಿ ಮಾತು ಬಂದದ್ದೇ ಆ ಬೇವಿನಡಿ. ಕಾಲೋನಿಯಲ್ಲಿ ಕೊರತೆಯೆಂದರೆ ನೀರು. ನಲ್ಲಿಗೆ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ, ಅದೂ ಕೆಸರು.

ಈ ಕೊರತೆಯನ್ನೇ ಹಿಡಿದು ಬಂದವನು ಭಾವುಸಾಹೇಬ. ಕಾಲೋನಿಯ ಮುಖಂಡ. ಎಲ್ಲರೂ ಅವನನ್ನು ಕರೆಯುವುದು ಭಾವುಸಾಹೇಬ ಎಂದೇ. ಇಲ್ಲಿಯ ಹಳೆಯ ಮನೆತನ, ಹೊಲ ಗದ್ದೆ, ಹಣೆಯ ತುಂಬ ವಿಭೂತಿ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಕನ್ನಡ ಮಾತಾಡುವವನು. ಕಚೇರಿ, ಅಂಗಡಿ, ಆಸ್ಪತ್ರೆ ಎಲ್ಲವೂ ಮರಾಠಿಯಲ್ಲಿ ನಡೆಯುವ ಊರಿನಲ್ಲಿ ಒಬ್ಬ ದೊಡ್ಡ ಮನುಷ್ಯ "ಏನ್ ತಂಗೀ, ಊಟ ಆಯ್ತೇನವಾ?" ಎಂದರೆ ಸಾಕು, ನಮ್ಮಂಥ ಹೊರಗಿನಿಂದ ಬಂದವರು ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತೇವೆ. ಈ ತಪ್ಪನ್ನು ನನ್ನಂತೆ ಎಷ್ಟು ಜನ ಮಾಡಿದ್ದಾರೋ.

ಒಂದು ಶ್ರಾವಣ ಸೋಮವಾರ ನಾಲ್ಕೈದು ಹಾಳೆಯ ಕಾಗದ ತಂದು ನನ್ನ ಮುಂದೆ ಇಟ್ಟು, ಸ್ವಂತ ಅತ್ತಿಗೆಯನ್ನು ಕರೆದಂತೆ ಕರೆದ: "ವೈನಿ, ಬಯಲದಾಗ ಬೋರ್ ಹೊಡೆಸ್ಲತ್ತೀವಿ. ಹೆಣ್ಮಕ್ಕಳು ಕೂಡ್ಲಿಕ್ಕ ಒಂದು ಸಣ್ಣ ಹಾಲ್, ಬಾಜೂಕ ನಳ. ಹೆಣ್ಮಕ್ಕಳ ಸಹಿ ಇದ್ರ ಕಚೇರಿದಾಗ ಲಗೂನ ಕೆಲಸ ಆಗ್ತದ. ನೀವು ಕಲ್ತವರು. ಓದಿ ನೋಡ್ರಿ."

ಓದಿ ನೋಡಿದೆ. ಅಂದರೆ, ನೋಡಿದೆ. ಅಕ್ಷರ ಗೊತ್ತಿದ್ದವು. ಹಿಂದಿ ಕಲಿತವರಿಗೆ ಅಕ್ಷರ ಅವೇ ತಾನೆ? ಆದರೆ ಬೇವಿನಡಿಯ ಮರಾಠಿಯೇ ಬೇರೆ, ಕಾಗದದ ಮರಾಠಿಯೇ ಬೇರೆ. ಎರಡು ಸಾಲಿಗೇ ತಡವರಿಸಿದೆ. "ತಿಳಿಯಲಿಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆಗ ತಾನೇ ಅವನು ಕಲಿತವರು ಎಂದಿದ್ದನಲ್ಲ, ಆ ಮಾತಿಗೆ ಉಬ್ಬಿದ್ದೆ. ಹಾಳೆ ಮಗುಚಿ, ಗಂಭೀರವಾಗಿ ತಲೆ ಆಡಿಸಿ, "ಹ್ಞೂಂ, ಬರೋಬರಿ ಅದಾ" ಎಂದೆ. ಮೊದಲ ಸಹಿ ನನ್ನದೇ.

ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಜಾಣತನ. ಎರಡು ದಿನ ಮನೆಮನೆ ತಿರುಗಿ ಎಲ್ಲ ಹೆಂಗಸರಿಂದ ಸಹಿ ಮಾಡಿಸಿದೆ. ಪಕ್ಕದ ಮನೆಯ ಶಬಾನಾ ಆಪಾ ಕೇಳಿದಳು: "ನೀನು ಓದಿದ್ಯಾ ಸುನಂದಾ?" ಓದಿದೆ ಎಂದೆ. ಅವಳು ಸಹಿ ಹಾಕಿದಳು. ಕೊನೆಗೆ ಮನೆಗೆ ಬಂದು, ಅತ್ತೆಯ ಹೆಬ್ಬೆರಳು ಹಿಡಿದು ಶಾಯಿಯಲ್ಲಿ ಅದ್ದಿ, ನಾನೇ ಕಾಗದಕ್ಕೆ ಒತ್ತಿದೆ. "ಎದಕ್ಕವಾ?" ಎಂದರು. "ನೀರಿಗಿ, ಅತ್ತಿ" ಎಂದೆ.

ದಸರೆಯ ಹೊತ್ತಿಗೆ ಬಯಲಿನ ಸುತ್ತ ಗೋಡೆ ಎದ್ದಿತು. ಒಂದಾಳಿಗಿಂತ ಎತ್ತರ. ಮುಂದಿನ ವರ್ಷ ಒಳಗೆ ತಗಡಿನ ಮಾಡಿನ ದೊಡ್ಡ ಕಟ್ಟಡ, ಮುಂದೆ ಹುಲ್ಲು, ಎರಡು ಬಾಗಿಲಿನ ಕಬ್ಬಿಣದ ಗೇಟು, ಮೇಲೆ ಬಣ್ಣದ ಫಲಕ: ಮಂಗಲ ಕಾರ್ಯಾಲಯ. ನಮ್ಮ ಬಯಲು ಅವನ ಟ್ರಸ್ಟಿನ ಲಗ್ನದ ಮಂಟಪವಾಗಿತ್ತು. ನಳವೂ ಇತ್ತು, ಸುಳ್ಳಲ್ಲ. ಗೇಟಿನ ಒಳಗೆ ಇತ್ತು.

ಕೇಳಲು ಹೋದೆ. ಅವನು ನಕ್ಕ. "ವೈನಿ, ಸಹಿ ಮಾಡಿದವರು ನೀವು, ಮಾಡ್ಸಿದವರು ನೀವು. ಎಲ್ಲಾ ಕಾಗದದಾಗ ಬರೆದದಾ. ಕಾಳಜಿ ಕರೂ ನಕಾ, ಚಿಂತಿ ಮಾಡಬ್ಯಾಡ್ರಿ, ಗೇಟ್ ಯಾವಾಗ್ಲೂ ಖುಲ್ಲಾ ಇರ್ತದ." ಮೊದಲ ಲಗ್ನ ಮುಗಿದ ಮರುದಿನವೇ ಗೇಟಿಗೆ ನನ್ನ ಅಂಗೈಯಷ್ಟು ದೊಡ್ಡ ಬೀಗ ಬಿತ್ತು.

ಅತ್ತೆ ಗೋಡೆಯ ಮೇಲೆ ಕೈಯಾಡಿಸುತ್ತ ನಿಂತು ಕೇಳಿದರು: "ನಮ್ ಬಯಲ ಇವ್ರಿಗಿ ಯಾರ್ ಕೊಟ್ಟಾರ ಸುನಂದಾ?" ಗೊತ್ತಿಲ್ಲ ಎಂದೆ. ಸುಳ್ಳು ಹೇಳಿ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದೆ. ಕಾಗದದ ಮಾತನ್ನು ಅತ್ತೆಗೂ ಹೇಳಲಿಲ್ಲ, ನಮ್ಮವರಿಗೂ ಹೇಳಲಿಲ್ಲ.

ಆ ಮಧ್ಯಾಹ್ನ ನಾನು ಶಾವಿಗೆಗೆ ಗೋಧಿ ಆರಿಸುತ್ತಿದ್ದೆ. ಗೌರಿ ಅತ್ತೆಯ ತೊಡೆಯ ಮೇಲೆ ಮಲಗಿದ್ದಳು. ಠಣ್ ಎಂದಿತು. ಬೆಕ್ಕು ನನ್ನ ಪಕ್ಕದಲ್ಲೇ ಕೂತಿತ್ತು. ಬೀಳಿಸಿದ್ದು ಅದಲ್ಲ. ಅಷ್ಟರಲ್ಲಿ ಮೊರದೊಳಗಿನ ಗೋಧಿ ತಾನೇ ಜಾರತೊಡಗಿತು, ಮಾಡದಲ್ಲಿನ ಡಬ್ಬಿಗಳು ಕಟಕಟ ಎಂದವು.

ಅರವತ್ತು ದಾಟಿದ ಅತ್ತೆ ಗೌರಿಯನ್ನು ಎದೆಗೆ ಒತ್ತಿಕೊಂಡು ಹೇಗೆ ಎದ್ದರೋ, ನಾನು ಹೊಸ್ತಿಲು ದಾಟುವುದರೊಳಗೆ ಗೇಟಿನ ಮುಂದಿದ್ದರು. ಬಿದ್ದ ಲೋಟ ಕೈಯಲ್ಲೇ ಇತ್ತು. ಗೇಟಿಗೆ ಬೀಗ. ನಮ್ಮ ಮನೆಗಳಿಗೂ ಆ ಗೋಡೆಗೂ ನಡುವೆ ಇರುವುದು ಒಂದು ಓಣಿ. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಗೋಡೆ, ಮೇಲೆ ಜೋಲಾಡುತ್ತಿದ್ದ ಕರೆಂಟಿನ ತಂತಿ. ಆಪಾ ಬಂದಳು, ಮುದುಕರು ಬಂದರು, ಕೂಸು ಹೊತ್ತವರು ಬಂದರು. ಎಲ್ಲರೂ ಗೇಟಿಗೆ ಒತ್ತಿಕೊಂಡು ನಿಂತೆವು. ಅತ್ತೆ ಲೋಟದಿಂದ ಬೀಗ ಬಡಿಯುತ್ತಿದ್ದರು. ಒಂದೇ ಸಮನೆ.

ಒಳಗಿನಿಂದ ಕಾವಲುಗಾರ ಬಂದ. "ಚಾವಿ ಭಾವುಸಾಹೇಬ್ರ ಬಲ್ಲಿ ಅದಾರಿ," ಎಂದು ಅವನಿಗೆ ಮೊಬೈಲು ಹಚ್ಚಿ, ಗೇಟಿನ ಸರಳಿನ ನಡುವೆ ನನ್ನ ಕೈಗೆ ಕೊಟ್ಟ.

"ಭಾವುಸಾಹೇಬ್ರೀ, ಭೂಮಿ ನಡುಗ್ಲತ್ತದ! ಗೇಟ್ ತೆಗೆಸ್ರಿ!" ಎಂದು ಕೂಗಿದೆ.

"ಏನೂ ಆಗಲ್ಲ ವೈನಿ, ಸಣ್ಣದು ಅದಾ. ನನಗೂ ಗೊತ್ತಾಯ್ತು," ಎಂದ ನಿಧಾನವಾಗಿ. "ಸಂಜಿಗಿ ಲಗ್ನ ಅದಾ. ಗಾದಿ ಹಾಸ್ಯಾರ, ಹುಲ್ಲಿಗಿ ನೀರ್ ಬಿಟ್ಟಾರ. ಅಷ್ಟು ಮಂದಿ ಒಳಗ ಬಂದ್ರ ಎಲ್ಲಾ ರಾಡಿ ಆಗ್ತದ. ನಿಮ್ ನಿಮ್ ಮನಿಗಿ ಹೋಗ್ರಿ."

ಮನಿಗಿ ಹೋಗ್ರಿ! ಯಾರಿಗೆ ಹೇಳುತ್ತಿದ್ದಾನೆ? ಮನೆಯೇ ಮೈಮೇಲೆ ಬಿದ್ದು ಗಂಡನನ್ನೂ ಮಗಳನ್ನೂ ಕಳೆದುಕೊಂಡವರಿಗೆ! ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಆಗಲೇ ಭೂಮಿ ಎರಡನೆಯ ಸಲ ಅಲುಗಿತು. ಇದು ಮೊದಲಿನದಕ್ಕಿಂತ ಜೋರು. ಅವನು ಅಗ್ಗದಲ್ಲಿ ಎಬ್ಬಿಸಿದ ಗೋಡೆಯ ಮೇಲಿನ ಎರಡು ಸಾಲು ಇಟ್ಟಿಗೆ ಕಳಚಿ ಓಣಿಯೊಳಗೆ ಉರುಳಿದವು. ಅತ್ತೆ ಗೌರಿಯನ್ನು ಕೆಳಗೆ ಹಾಕಿಕೊಂಡು ಬಗ್ಗಿದರು. ಒಂದು ಇಟ್ಟಿಗೆ ಅವರ ಹೆಗಲ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು.

ಆಮೇಲೆ ನಾನು ನಾನಾಗಿರಲಿಲ್ಲ. ಯಾರು ಬೇಡವೆಂದರೂ ಕೇಳದೆ ಮನೆಯೊಳಗೆ ಓಡಿ ಹಾರೆ ತಂದೆ. ಆಪಾ "ಬೀಗ ಬಿಡ್, ಇಧರ್ ಸೇ ಉಠಾ" ಎಂದು ಗೇಟಿನ ತಿರುಗಣಿ ತೋರಿಸಿದಳು. ನಾಲ್ಕೈದು ಜನ ಹಾರೆಯ ಮೇಲೆ ಭಾರ ಬಿಟ್ಟೆವು. ಒಂದು ಬಾಗಿಲು ತಿರುಗಣಿಯಿಂದ ಮೇಲೆದ್ದು ಹೊರಳಿತು. ಬೀಗ ಮಾತ್ರ ಭದ್ರವಾಗಿಯೇ ಇತ್ತು. ಇಡೀ ಓಣಿ ಒಳಗೆ ನುಗ್ಗಿ ಲಗ್ನದ ಗಾದಿಯ ಮೇಲೆ ಕೂತಿತು. ಅತ್ತೆಯನ್ನು ಬೇವಿನಡಿ ಕೂರಿಸಿದೆವು. ಮೂರನೆಯ ಸಲ ಭೂಮಿ ಅಲುಗಲಿಲ್ಲ.

ಅರ್ಧ ಗಂಟೆಯೊಳಗೆ ಭಾವುಸಾಹೇಬ ಜೀಪಿನಲ್ಲಿ ಬಂದ. ಅತ್ತೆಯ ಹೆಗಲಿಗೆ ನನ್ನ ಸೀರೆಯ ಸೆರಗು ಹರಿದು ಕಟ್ಟುತ್ತಿದ್ದೆ. ಆಸ್ಪತ್ರೆಗೆ ಒಯ್ಯಲು ಆಪಾಳ ಗಂಡ ಆಟೋ ತರಲು ಹೋಗಿದ್ದ. ಭಾವುಸಾಹೇಬ ಮುರಿದ ಹೆಗಲು ನೋಡಲಿಲ್ಲ, ಮುರಿದ ಗೇಟು ನೋಡಿದ. ಜೀಪಿನಿಂದ ಅದೇ ಕಾಗದ ತೆಗೆದು ಎಲ್ಲರ ಮುಂದೆ ಆಡಿಸಿದ.

"ಈ ಜಾಗಾ ಟ್ರಸ್ಟಿಗಿ ಕೊಟ್ಟವರು ನೀವೇ. ನೋಡ್ರಿ, ಒಬ್ಬೊಬ್ಬರದು ಸಹಿ ಅದಾ. ಈ ಅಂಗಠಾ, ಈ ಹೆಬ್ಬೆಟ್ಟು ಯಾರ್ದು? ಈ ಮುದುಕಿದೇ! ಶಾಂತವ್ವ, ಹೇಳ್ರಿ, ಯಾರ್ ಹಚ್ಚಿದ್ರು ನಿಮ್ ಅಂಗಠಾ?"

ಎಲ್ಲರೂ ನಮ್ಮ ಕಡೆ ತಿರುಗಿದರು. ನನ್ನ ಕೈ ಗಂಟು ಕಟ್ಟುವುದನ್ನು ಬಿಟ್ಟು ನಿಂತಿತು. ಅತ್ತೆ ನನ್ನ ಮುಖ ಒಮ್ಮೆ ನೋಡಿದರು. ಆಮೇಲೆ ಅವನ ಕಡೆ ತಿರುಗಿ ಹೇಳಿದರು: "ನಂದೇ ಅಂಗಠಾ. ನಾನೇ ಹಚ್ಚೀನಿ. ಮುದುಕಿ, ತಿಳೀಲಿಲ್ಲ. ಮಂದಿಗಿ ಯಾಕ್ ಅಂತಿ?"

ಹೆಗಲು ಮುರಿದು ಕೂತ ಆ ಜೀವ ನನ್ನ ಮಾನ ಕಾಯುತ್ತಿತ್ತು. ಅವರಿಗೆ ಗೊತ್ತಿತ್ತು. ಗೋಡೆಯ ಮುಂದೆ ನಿಂತು ನನ್ನನ್ನು ಕೇಳಿದ ದಿನವೇ ಗೊತ್ತಿತ್ತು. ಒಂದು ದಿನವೂ ಎತ್ತಿ ಆಡಿರಲಿಲ್ಲ. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಎದ್ದು ನಿಂತೆ.

"ಸುಳ್ಳ್! ನಾ ಹಚ್ಚಿಸೀನಿ. ನಿಮ್ಮೆಲ್ಲರ ಸಹಿನೂ ನಾ ಮಾಡ್ಸೀನಿ. ಆ ಕಾಗದ ನಾ ಓದಿಲ್ಲ, ನನಗ ತಿಳಿದೂ ಇಲ್ಲ. ನೀರಿಂದು ಅಂತ ಇಂವಾ ಹೇಳ್ದಾ, ನಾ ನಂಬ್ದೆ, ನೀವು ನನ್ನ ನಂಬಿದ್ರಿ. ತಪ್ಪು ನಂದು. ಮೋಸ ಇವಂದು!" ಎಂದೆ. ಹಾರೆ ಇನ್ನೂ ನನ್ನ ಕಾಲ ಹತ್ತಿರವೇ ಇತ್ತು. ಅವನು ಅದನ್ನು ನೋಡಿ ಜೀಪು ಹತ್ತಿದ.

ಆಪಾ ಹದಿನೈದು ದಿನ ನನ್ನೊಡನೆ ಮಾತು ಬಿಟ್ಟಳು. ಬಿಡಬೇಕಾದದ್ದೇ. ಹದಿನಾರನೆಯ ದಿನ ತಾನಾಗಿಯೇ ಬಂದು, "ಚಲ್, ಅರ್ಜಿ ಹಾಕೋಣ" ಎಂದಳು. ಹಾಕಿದೆವು. ಗೇಟು ಮುರಿದದ್ದಕ್ಕೆ ಅವನು ನಮ್ಮ ಮೇಲೆ ದೂರು ಕೊಟ್ಟ. ಅವನ ದಾವೆ, ನಮ್ಮ ದಾವೆ ಎರಡೂ ಕೋರ್ಟಿನಲ್ಲಿ ಇನ್ನೂ ತಾರೀಖಿನಿಂದ ತಾರೀಖಿಗೆ ತೆವಳುತ್ತಿವೆ. ಮುರಿದ ಗೇಟಿನ ಬಾಗಿಲು ನಮ್ಮ ಅಂಗಳದಲ್ಲಿದೆ. ಕೇಳಿದರೆ ಕೊಡುವುದಿಲ್ಲ. ಬೇಸಿಗೆಯಲ್ಲಿ ಅತ್ತೆ ನಮ್ಮ ಕೈಲಿ ಅದನ್ನು ನಾಲ್ಕು ಇಟ್ಟಿಗೆಯ ಮೇಲೆ ಇಡಿಸಿ, ಮೇಲೆ ಸೀರೆ ಹಾಸಿ ಶಾವಿಗೆ ಒಣಗಿಸುತ್ತಾರೆ. ಇಟ್ಟಿಗೆಗಳೂ ಅವನವೇ. ಅವನು ಹೊಸ ಬಾಗಿಲು ಹಾಕಿಸಿದ ದಿನವೇ ಓಣಿಯ ಹೆಂಗಸರು ಎದುರು ಕೂತು ಬೀಗ ತೆಗೆಸಿದರು. ಅಂದಿನಿಂದ ಲಗ್ನವಿರಲಿ ಬಿಡಲಿ, ಅಲ್ಲಿಗೆ ಬೀಗ ಬಿದ್ದಿಲ್ಲ. ಅತ್ತೆಯ ಬಲಗೈ ಮಾತ್ರ ಈಗಲೂ ಹೆಗಲಿಗಿಂತ ಮೇಲೆ ಏಳುವುದಿಲ್ಲ. ಟ್ರಂಕಿನ ಮೇಲೆ ಲೋಟ ಜೋಡಿಸುವುದು ಎಡಗೈಯಲ್ಲಿ.

ಹೋದ ತಿಂಗಳು ಅವನ ಮನುಷ್ಯನೊಬ್ಬ ರಾಜಿ ಕಾಗದವೆಂದು ಹಿಡಿದುಕೊಂಡು ಬಂದ. ಅದೇ ನಗು, ಅದೇ ಮಾತು: "ನೀವು ಕಲ್ತವರು ವೈನಿ, ಓದಿ ಒಂದು ಸಹಿ ಹಾಕ್ರಿ."

ಅತ್ತೆ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದರು. ನಾನು ಆಪಾಳನ್ನು ಕರೆದೆ, ಓಣಿಯ ಹೆಂಗಸರನ್ನೆಲ್ಲ ಕರೆದೆ. ಎಲ್ಲರೂ ಬಂದ ಮೇಲೆ ಅವನಿಗೆ ಹೇಳಿದೆ: "ಈ ಮರಾಠಿ ನನಗ ತಿಳಿಯಲ್ಲ. ನೀವೇ ಜೋರಾಗಿ ಓದ್ರಿ, ಎಲ್ಲರಿಗೂ ಕೇಳಂಗ. ನಮಗ ತಿಳೀದಿದ್ದಲ್ಲಿ ನಿಲ್ಲಿಸಿ ಬಿಡಿಸಿ ಹೇಳ್ರಿ."

ಅವನು ಮೊದಲ ಸಾಲು ಓದಿದ. ಎರಡನೆಯದಕ್ಕೆ ಗಂಟಲು ಸರಿಮಾಡಿಕೊಂಡ. ಆಮೇಲೆ ಕಾಗದ ಮಡಚಿ, ಭಾವುಸಾಹೇಬರನ್ನು ಕೇಳಿಕೊಂಡು ಬರುತ್ತೇನೆಂದು ಎದ್ದು ಹೋದ. ಮತ್ತೆ ಬರಲಿಲ್ಲ.

ಇಷ್ಟು ಸುಲಭವಿತ್ತು. ತಿಳಿಯಲ್ಲ ಎಂಬ ಒಂದು ಮಾತು. ಅದನ್ನು ಆ ಶ್ರಾವಣ ಸೋಮವಾರವೇ ಆಡಿದ್ದರೆ ಅತ್ತೆಯ ಹೆಗಲು ನೆಟ್ಟಗಿರುತ್ತಿತ್ತು, ಬಯಲು ಬಯಲಾಗಿಯೇ ಇರುತ್ತಿತ್ತು. ಮೋಸ ಮಾಡಿದವನನ್ನು ನಾನು ಕ್ಷಮಿಸುವುದಿಲ್ಲ. ಅತ್ತೆ ನನ್ನನ್ನು ಯಾವಾಗ ಕ್ಷಮಿಸಿದರೋ ನನಗೆ ತಿಳಿಯದು, ಕೇಳುವ ಧೈರ್ಯವೂ ಇಲ್ಲ. ಪ್ರತಿ ಸಂಜೆ ಅವರು ಗೌರಿಯ ಕೈ ಹಿಡಿದು ಆ ತೆರೆದ ಗೇಟಿನವರೆಗೆ ನಡೆಯುತ್ತಾರೆ. ಹೊಸ್ತಿಲಿನಿಂದಲೇ ಮೆಲ್ಲಗೆ ಎಣಿಸುವುದು ಒಲೆಯ ಮುಂದೆ ಕೂತ ನನಗೆ ಕೇಳಿಸುತ್ತದೆ. ಅವರ ಹೆಜ್ಜೆ ಗಿಡ್ಡವಾಗಿವೆ. ಈಗ ಇಪ್ಪತ್ತೆರಡಲ್ಲ, ಮೂವತ್ತಾಗುತ್ತವೆ.